ಮಡಚು ಚಾಕು ದಿನವೂ ಎಲ್ಲಿ ಇಟ್ಟುಕೊಳ್ಳುತ್ತೀರಿ? ನನ್ನದು ಜೇಬಿನಲ್ಲೇ ತೆರೆದುಕೊಂಡು ಬೆರಳು ಕೊಯ್ದಿತು

ಹಗ್ಗದಕೊನೆ

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಇಲ್ಲಿ ಓದುತ್ತಾ ಇದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಗೋದಾಮಿನಲ್ಲಿ ಕೆಲಸ. ದಿನಕ್ಕೆ ಏನಿಲ್ಲವೆಂದರೂ ನಲವತ್ತು ಸಲ ಚಾಕು ಬೇಕು. ಪೆಟ್ಟಿಗೆಯ ಟೇಪು, ಪ್ಲಾಸ್ಟಿಕ್ ಪಟ್ಟಿ, ಹುರಿ, ಒಂದಲ್ಲ ಒಂದು ಇದ್ದೇ ಇರುತ್ತೆ. ನನ್ನದು ಲೈನರ್ ಲಾಕ್ ಇರುವ ಚಾಕು, ಅಂದರೆ ತೆರೆದಾಗ ಹಿಡಿಯ ಒಳಗಿನ ತಗಡು ಅಡ್ಡ ಬಂದು ಅಲಗು ಮಡಚದ ಹಾಗೆ ತಡೆಯುವಂಥದ್ದು. ಅಲಗು ಏಳೂವರೆ ಸೆಂ.ಮೀ., ಮಡಚಿದರೆ ಹತ್ತೂವರೆ. ಪ್ಯಾಂಟಿನ ಬಲಗಡೆ ಮುಂದಿನ ಜೇಬಿಗೆ ಕ್ಲಿಪ್ ಹಾಕಿ ಮೊನೆ ಮೇಲಾಗಿ ಇಡುತ್ತೇನೆ.

ಹೋದ ಮಂಗಳವಾರ ಕೀಲಿ ತೆಗೆಯೋಣ ಅಂತ ಅದೇ ಜೇಬಿಗೆ ಕೈ ಹಾಕಿದೆ. ಚಾಕು ಒಳಗೇ ಎರಡು ಬೆರಳಷ್ಟು ಬಾಯಿ ಬಿಟ್ಟುಕೊಂಡಿತ್ತು. ನಡುಬೆರಳಿನ ತುದಿ ಸೀಳಿತು. ಹೊಲಿಗೆ ಬೇಕಾಗಲಿಲ್ಲ, ಆದರೆ ರಕ್ತ ನಿಲ್ಲೋಕೆ ಕಾಲು ಗಂಟೆ ಹಿಡಿಯಿತು. ಅವತ್ತಿಂದ ಜೇಬಿಗೆ ಕೈ ಹಾಕುವಾಗ ಒಂದು ಕ್ಷಣ ತಡೆಯುತ್ತೇನೆ.

ಅಂಗಿಯ ಜೇಬಿನಲ್ಲಿ ಇಟ್ಟು ನೋಡಿದೆ, ಬಗ್ಗಿದರೆ ಬೀಳುತ್ತೆ. ಹಿಂದಿನ ಜೇಬಿನಲ್ಲಿ ಇಟ್ಟರೆ ಕೂರೋಕಾಗಲ್ಲ. ನೀವೆಲ್ಲ ಎಲ್ಲಿ ಇಡುತ್ತೀರಿ? ಕ್ಲಿಪ್ಪಾ, ಜೇಬಿನ ತಳದಲ್ಲಾ, ಸೊಂಟದ ಒರೆಯಲ್ಲಾ? ಯಾಕೆ ಅಂತಲೂ ಹೇಳಿ.

ಸಾಣೆಕಲ್ಲು

ಮೊದಲು ಬೆರಳು ಹೇಗಿದೆ? ವಾಸಿಯಾಗೋವರೆಗೆ ಆ ಜೇಬು ಮುಟ್ಟಬೇಡಿ.

ಒಂದು ಪ್ರಶ್ನೆ. ಚಾಕು ಜೇಬಿನ ಯಾವ ಕಡೆ ಕೂತಿರುತ್ತೆ? ಹೊರಗಡೆ ಹೊಲಿಗೆಗೆ ಅಂಟಿಕೊಂಡಾ, ಇಲ್ಲಾ ಜೇಬಿನ ಬಾಯಿಯ ನಡುಮಧ್ಯೆನಾ?

ಹಗ್ಗದಕೊನೆ

ಹಾಕುವಾಗ ಹೊಲಿಗೆ ಪಕ್ಕಕ್ಕೇ ಹಾಕುತ್ತೇನೆ ಅಣ್ಣ. ಆದರೆ ಮಧ್ಯಾಹ್ನದ ಹೊತ್ತಿಗೆ ನಡುವಿಗೆ ಸರಿದಿರುತ್ತೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಸಾಣೆಕಲ್ಲು

ಸಂಬಂಧ ಅಲ್ಲೇ ಇರೋದು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊನೆ ಮೇಲಾಗಿ ಇಟ್ಟಾಗ ಕೀಲು ಜೇಬಿನ ತಳಕ್ಕಿರುತ್ತೆ, ಅಲಗಿನ ತುದಿ ಜೇಬಿನ ಬಾಯಿ ಕಡೆ. ಬಲಗೈಯವರ ಬಲಜೇಬಿನಲ್ಲಿ ಅಲಗಿನ ಬೆನ್ನು ಹಿಂದಕ್ಕೆ ತಿರುಗಿರುತ್ತೆ, ಅಂದರೆ ಹೊರಗಿನ ಹೊಲಿಗೆ ಕಡೆಗೆ. ಚಾಕು ಆ ಹೊಲಿಗೆಗೆ ಒತ್ತಿಕೊಂಡು ಕೂತಿದ್ದರೆ ಅಲಗಿಗೆ ಬಿಚ್ಚಿಕೊಳ್ಳೋಕೆ ಜಾಗವೇ ಇಲ್ಲ. ಹೊಲಿಗೆಯೇ ಗೋಡೆ. ನಡುವಿಗೆ ಸರಿಯಿತು ಅಂದರೆ ಆ ಗೋಡೆ ಹೋಯಿತು. ಅಲಗು ಹಿಂದಕ್ಕೆ ಬಿಚ್ಚಿಕೊಳ್ಳುತ್ತೆ, ನಿಮ್ಮ ಕೈ ಇಳಿಯೋದೂ ಚಾಕುವಿನ ಹಿಂದಿನ ಅದೇ ಜಾಗಕ್ಕೆ. ನಿಮಗೆ ಆಗಿರೋದು ಇಷ್ಟೇ.

ನಂಬಿಕೆ ಬರದಿದ್ದರೆ ಎಮರ್ಸನ್ ಕಂಪನಿಯ ಚಾಕುಗಳನ್ನು ನೋಡಿ. ಅಲಗಿನ ಬೆನ್ನ ಮೇಲೆ ಒಂದು ಕೊಕ್ಕೆ ಇರುತ್ತೆ. ಜೇಬಿಂದ ಹಿಂದಕ್ಕೆ ಒತ್ತಿ ಎಳೆದರೆ ಕೊಕ್ಕೆ ಜೇಬಿನ ಹಿಂದಿನ ಅಂಚಿಗೆ ಸಿಕ್ಕಿ ಅಲಗು ತಾನೇ ತೆರೆದುಕೊಂಡು ಈಚೆ ಬರುತ್ತೆ. ಅವರು ಬೇಕಂತ ಮಾಡಿಸೋದು ನಿಮಗೆ ಬೇಡದೆ ಆಯಿತು.

ಈಗ ಎರಡನೇದು. ಚಾಕು ಮಡಚಿ, ಹಿಡಿಯ ಹಿಂಭಾಗ ಗಟ್ಟಿಯಾಗಿ ಹಿಡಿದು, ಅಲಗು ಇರುವ ಕಡೆ ಕೆಳಗೆ ಮಾಡಿ ಮೆಲ್ಲಗೆ ಒಂದೆರಡು ಸಲ ಕೊಡವಿ. ಕೆಳಗೆ ಯಾರ ಕಾಲೂ ಇರಬಾರದು. ಅಷ್ಟಕ್ಕೇ ಅಲಗು ಜಾರಿದರೆ ಗುಂಡಿನ ಹಿಡಿತ ಹೋಗಿದೆ ಅಂತ ಅರ್ಥ. ಲೈನರ್ ಲಾಕಿನ ತಗಡಿನಲ್ಲಿ ಸಾಸಿವೆಗಿಂತ ಸಣ್ಣ ಗುಂಡು ಇರುತ್ತೆ, ಅಲಗಿನ ಬುಡದಲ್ಲಿ ಅದಕ್ಕೆ ಒಂದು ಗುಳಿ. ಮಡಚಿದಾಗ ಗುಂಡು ಗುಳಿಯಲ್ಲಿ ಕೂತು ಅಲಗನ್ನು ಹಿಡಿದಿಡಬೇಕು. ನೋಡಿ ಹೇಳಿ.

ಮೊನೆಕೆಳಗೆ

ಇದಕ್ಕೇ ನಾನು ಹತ್ತು ವರ್ಷದಿಂದ ಬಡಿದುಕೊಳ್ಳುತ್ತಿರೋದು. ಮೊನೆ ಕೆಳಗೆ ಇಡಿ! ಕೀಲು ಮೇಲೆ, ಅಲಗು ಕೆಳಕ್ಕೆ ನೇತಾಡುತ್ತೆ, ಅದರ ಭಾರವೇ ಅದನ್ನು ಮುಚ್ಚಿಡುತ್ತೆ. ಅಕಸ್ಮಾತ್ ತೆರೆದರೂ ಜೇಬಿನ ತಳದ ಬಟ್ಟೆಗೆ ತಾಗುತ್ತೆ, ಬೆರಳಿಗಲ್ಲ.

ಸಾಣೆಕಲ್ಲು

ಜೇಬಿನ ತಳಕ್ಕೆ ತಾಗಿದರೆ ಅದರ ಕೆಳಗೆ ತೊಡೆ ಇರಲ್ವಾ ಸಾರ್?

ಮೊನೆ ಕೆಳಗಿದ್ದರೆ ತೆಗೆದ ಮೇಲೆ ಕೈಯಲ್ಲಿ ತಿರುಗಿಸಿ ಹಿಡಿಯಬೇಕು. ಅವರು ದಿನಕ್ಕೆ ನಲವತ್ತು ಸಲ ತೆಗೆಯೋರು. ಬೆವರಿದ ಕೈಯಲ್ಲಿ, ಗ್ಲೌಸ್ ಹಾಕಿದ ಕೈಯಲ್ಲಿ ನಲವತ್ತು ಸಲ ಹಿಡಿತ ಬದಲಿಸೋದು ಅಂದರೆ ನಲವತ್ತು ಸಲ ಕೈಜಾರುವ ಅವಕಾಶ.

ಮೊನೆಕೆಳಗೆ

ಒಂದು ವಾರ ಅಭ್ಯಾಸ ಮಾಡಿದರೆ ತಿರುಗಿಸಿದ್ದು ಗೊತ್ತೇ ಆಗಲ್ಲ. ನನಗೆ ಒಂದು ಸಲವೂ ಜಾರಿಲ್ಲ. ತೊಡೆಯ ಮಾತು ಒಪ್ಪುತ್ತೇನೆ, ಆದರೆ ಬಟ್ಟೆ ದಪ್ಪ ಇದ್ದರೆ ಅಷ್ಟು ಸುಲಭಕ್ಕೆ ಚುಚ್ಚಲ್ಲ.

ಹಳೇಕೀಲು

ನೀವಿಬ್ಬರೂ ಕ್ಲಿಪ್ಪಿನ ಮೇಲೆ ನಿಂತು ಜಗಳ ಆಡುತ್ತಿದ್ದೀರಿ. ಕ್ಲಿಪ್ಪೇ ಯಾಕೆ ಬೇಕು?

ಕೆಂಪು ಹಿಡಿಯ ಸ್ವಿಸ್ ಚಾಕು, 91 ಮಿ.ಮೀ., ಎಡಜೇಬಿನ ತಳದಲ್ಲಿ. ಇಪ್ಪತ್ತೆರಡು ವರ್ಷ ಆಯಿತು. ಅದಕ್ಕೆ ಗುಂಡು, ಗುಳಿ ಯಾವುದೂ ಇಲ್ಲ. ಬೆನ್ನಿಗೆ ಒಂದು ಉಕ್ಕಿನ ಸ್ಪ್ರಿಂಗು, ಅದೇ ಅಲಗನ್ನು ಒಳಕ್ಕೆ ಒತ್ತಿ ಹಿಡಿದಿರುತ್ತೆ. ಅಲಗಿನ ಗೀರಿಗೆ ಉಗುರು ಕಚ್ಚಿಸಿ ಎಳೆದರೇನೇ ಅದು ಬರೋದು. ಜೇಬಿನಲ್ಲಿ ತಾನಾಗಿ ತೆರೆದುಕೊಂಡ ಉದಾಹರಣೆ ನನ್ನ ಅನುಭವದಲ್ಲಿ ಒಂದೂ ಇಲ್ಲ. ಈ ಚಾಕು ಶುರು ಮಾಡಿದ ಕಾರ್ಲ್ ಎಲ್ಸೆನರ್ 1891ರಲ್ಲಿ ಸ್ವಿಸ್ ಸೈನಿಕರಿಗೆ ಚಾಕು ಕೊಡೋಕೆ ಶುರು ಮಾಡಿದ್ದು, 1897ರಲ್ಲಿ ಅಧಿಕಾರಿಗಳ ಚಾಕು ಬಂದದ್ದು. ಆ ಚಾಕುವಿನ ಬೆನ್ನಿನ ಸ್ಪ್ರಿಂಗ್ ಎರಡೂ ಕಡೆಯ ಉಪಕರಣಗಳನ್ನು ಹಿಡಿಯುವ ಹಾಗೆ ಮಾಡಿದ್ದೇ ದೊಡ್ಡ ಕೆಲಸ. ಅವತ್ತಿಂದ ಇವತ್ತಿನವರೆಗೆ ಸ್ಪ್ರಿಂಗಿನ ಮೂಲ ವಿಚಾರ ಬದಲಾಗಿಲ್ಲ, ಅಂದರೆ ಅದು ಸರಿ ಇದೆ ಅಂತಲೇ.

ತೊಂದರೆ ಒಂದೇ, ಜೇಬಿನ ನೂಲುಕಸ ಒಳಗೆ ಸೇರುತ್ತೆ. ತಿಂಗಳಿಗೊಮ್ಮೆ ಬೆಚ್ಚಗಿನ ನೀರಲ್ಲಿ ಎಲ್ಲಾ ಅಲಗುಗಳನ್ನೂ ತೆರೆದು ಮುಚ್ಚಿ, ಒಣಗಿಸಿ, ಕೀಲಿಗೆ ಒಂದು ಹನಿ ಎಣ್ಣೆ.

ಪೆಟ್ಟಿಗೆಪಾಳಿ

ಹಳೇಕೀಲು ಸಾರ್, ನಾನೂ ಗೋದಾಮಿನವನೇ. ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದಿರುವಾಗ ಉಗುರು ಕಚ್ಚಿಸಿ ತೆಗೆಯೋಕೆ ಎರಡನೇ ಕೈ ಎಲ್ಲಿಂದ ತರೋದು? ಒಂದು ಕೈಯಲ್ಲಿ ತೆರೆಯೋಕಾಗಬೇಕು, ಒಂದು ಕೈಯಲ್ಲಿ ಮುಚ್ಚೋಕಾಗಬೇಕು. ಅದಿಲ್ಲದೆ ಈ ಕೆಲಸ ಆಗಲ್ಲ.

ಹಳೇಕೀಲು

ಪೆಟ್ಟಿಗೆ ಕೆಳಗಿಟ್ಟು ಕೊಯ್ಯಿರಿ. ಎತ್ತಿ ಹಿಡಿದುಕೊಂಡು ಕೊಯ್ಯೋದೇ ಅಪಾಯ.

ಪೆಟ್ಟಿಗೆಪಾಳಿ

ಗಂಟೆಗೆ ಇಷ್ಟು ಪೆಟ್ಟಿಗೆ ಅಂತ ಲೆಕ್ಕ ಇರುತ್ತೆ ಸಾರ್. ಪ್ರತಿಯೊಂದನ್ನೂ ಇಳಿಸಿ ಎತ್ತಿದರೆ ಸೊಂಟ ಉಳಿಯಲ್ಲ.

ಕಬ್ಬಿಣದಕಡಲೆ

ಕ್ಲಿಪ್ ಮೊದಲಿನಿಂದಲೂ ಇತ್ತಲ್ಲ? ಹಡಗಿನವರ ಹಳೇ ಚಾಕುಗಳಲ್ಲೂ ನೋಡಿದ್ದೇನೆ.

ಸಾಣೆಕಲ್ಲು

ಹಡಗಿನವರದ್ದಕ್ಕೆ ಇರೋದು ಬಳೆ. ಹಿಡಿಯ ತುದಿಗೆ ಲೋಹದ ಬಳೆ, ಅದಕ್ಕೆ ಹುರಿ, ಹುರಿ ಕುತ್ತಿಗೆಗೋ ಸೊಂಟಕ್ಕೋ. ನೀರಿಗೆ ಬೀಳಬಾರದು ಅಂತ. ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ಪನ್ನು ಎಲ್ಲರ ಬಳಕೆಗೆ ತಂದದ್ದು 1981ರಲ್ಲಿ ಬಂದ ಸ್ಪೈಡರ್ಕೊ ಕಂಪನಿಯ ವರ್ಕರ್ ಅನ್ನೋ ಚಾಕು. ಅಲಗಿನಲ್ಲಿ ದುಂಡು ತೂತು ಇದ್ದದ್ದೂ ಅದರಲ್ಲೇ.

ಕಬ್ಬಿಣದಕಡಲೆ

ತೂತು ತೂಕ ಇಳಿಸೋಕೆ ಅಲ್ವಾ?

ಸಾಣೆಕಲ್ಲು

ಅಲ್ಲ. ಹೆಬ್ಬೆರಳು ಇಟ್ಟು ತಳ್ಳೋಕೆ. ಕ್ಲಿಪ್ ಮತ್ತು ತೂತು ಜೋಡಿ. ಕ್ಲಿಪ್ ಇರೋದರಿಂದ ಚಾಕು ಪ್ರತಿ ಸಲವೂ ಒಂದೇ ದಿಕ್ಕಿನಲ್ಲಿ ಕೈಗೆ ಬರುತ್ತೆ, ತೂತು ಇರೋದರಿಂದ ಅದೇ ಕೈ ತೆರೆಯುತ್ತೆ. ಜೇಬಿನ ತಳದಲ್ಲಿ ಬಿದ್ದಿರೋ ಚಾಕು ಪ್ರತಿ ಸಲ ಬೇರೆ ಬೇರೆ ಥರ ಸಿಗುತ್ತೆ, ತಡಕಾಡಿ ತಿರುಗಿಸಬೇಕು. ಹಳೇಕೀಲು ಅವರಿಗೆ ಅದು ಲೆಕ್ಕಕ್ಕಿಲ್ಲ, ಪೆಟ್ಟಿಗೆಪಾಳಿ ಅವರಿಗೆ ಅದೇ ಮುಖ್ಯ.

ಬೆಳಗಿನಪಾಳಿ

ನಿಮ್ಮೆಲ್ಲರ ಮಾತು ಜೇಬಿನಿಂದಲೇ ಶುರುವಾಗುತ್ತೆ. ಜೇಬೇ ಇಲ್ಲದವರು ಏನು ಮಾಡಬೇಕು?

ನನ್ನ ಪ್ಯಾಂಟುಗಳಲ್ಲಿ ಅರ್ಧದ್ದಕ್ಕೆ ಜೇಬಿನ ಗೆರೆ ಮಾತ್ರ ಹೊಲಿದಿರುತ್ತಾರೆ, ಒಳಗೆ ಏನೂ ಇಲ್ಲ. ಇನ್ನರ್ಧಕ್ಕೆ ಎರಡು ಬೆರಳು ಹೋಗುವಷ್ಟು. ಸೊಂಟದ ಪಟ್ಟಿಗೆ ಕ್ಲಿಪ್ ಹಾಕಿದೆ, ಬಗ್ಗಿದಾಗಲೆಲ್ಲ ಹೊಟ್ಟೆಗೆ ಒತ್ತುತ್ತೆ, ಬೆವರಿಗೆ ಚರ್ಮ ಕೆಂಪಾಯಿತು. ಬ್ಯಾಗಿನಲ್ಲಿ ಹಾಕಿದರೆ ಬೇಕಾದಾಗ ಸಿಗಲ್ಲ. ಎಲ್ಲಾ ಸಾಮಾನು ಮೇಜಿನ ಮೇಲೆ ಸುರಿದು ಹುಡುಕಿದ್ದೂ ಉಂಟು.

ಈಗ ಒಂದು ವರ್ಷದಿಂದ ಎರಡು ಚಾಕು. ಕೀಲಿಗೊಂಚಲಿಗೆ 58 ಮಿ.ಮೀ. ಸ್ವಿಸ್ ಚಾಕು, ತೂಕ ಇಪ್ಪತ್ತು ಗ್ರಾಂ ಚಿಲ್ಲರೆ, ಕತ್ತರಿ ಸಮೇತ. ದಿನದ ಕೆಲಸದಲ್ಲಿ ಮುಕ್ಕಾಲು ಪಾಲು ಅದರಲ್ಲೇ ಮುಗಿಯುತ್ತೆ. ದೊಡ್ಡದು ಬ್ಯಾಗಿನ ಒಳಗೋಡೆಯಲ್ಲಿರೋ ಸಣ್ಣ ಜೇಬಿನ ಅಂಚಿಗೆ ಕ್ಲಿಪ್ ಹಾಕಿರುತ್ತೆ. ಯಾವಾಗಲೂ ಅದೇ ಜಾಗ. ಕತ್ತಲಲ್ಲೂ ಕೈಗೆ ಸಿಗುತ್ತೆ.

ಪೆಟ್ಟಿಗೆಪಾಳಿ

ಬ್ಯಾಗಿನ ಒಳಗೆ ಕ್ಲಿಪ್ ಹಾಕೋದು ನನಗೆ ಹೊಳೆದೇ ಇರಲಿಲ್ಲ ಅಕ್ಕ. ಚೆನ್ನಾಗಿದೆ.

ಮೊನೆಕೆಳಗೆ

ಕೀಲಿಗೊಂಚಲಿನ ಚಾಕು ಬಗ್ಗೆ ಒಂದು ಎಚ್ಚರಿಕೆ. ವಿಮಾನ ಹತ್ತುವ ಮೊದಲು ಕೀಲಿಗೊಂಚಲು ನೆನಪಾಗಲ್ಲ. ಭದ್ರತಾ ತಪಾಸಣೆಯಲ್ಲಿ ನಾನು ಹಾಗೆ ಒಂದು ಕಳೆದುಕೊಂಡೆ, ಹತ್ತು ವರ್ಷ ಜೊತೆಗಿದ್ದದ್ದು. ಹಿಂದಿನ ರಾತ್ರಿಯೇ ತೆಗೆದು ಲಗೇಜಿಗೆ ಹಾಕುವ ಪೆಟ್ಟಿಗೆಯಲ್ಲಿ ಇಡಿ.

ಬೆಳಗಿನಪಾಳಿ

ಹೌದು, ಅದಕ್ಕೇ ಸಣ್ಣ ಬಿಚ್ಚುಕೊಂಡಿ ಹಾಕಿದ್ದೇನೆ. ಒತ್ತಿದರೆ ಚಾಕು ಬೇರೆ, ಕೀಲಿ ಬೇರೆ.

ಎಡಚ

ಎಡಗೈಯವರ ಪಾಡು ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಸಾಣೆಕಲ್ಲು ಅವರು ಹೇಳಿದ ಹೊಲಿಗೆಯ ಲೆಕ್ಕ ಎಡಜೇಬಿಗೂ ಸರಿಯೇ, ಆದರೆ ಕ್ಲಿಪ್ ಇನ್ನೊಂದು ಪಕ್ಕಕ್ಕೆ ಬದಲಿಸಬೇಕು. ಎಷ್ಟೋ ಚಾಕುಗಳಿಗೆ ಕ್ಲಿಪ್ಪಿನ ತೂತು ಬಲಗೈಯವರ ಕಡೆ ಮಾತ್ರ ಕೊರೆದಿರುತ್ತಾರೆ. ಹಾಗೇ ಎಡಜೇಬಿಗೆ ಹಾಕಿದರೆ ಅಲಗಿನ ಬೆನ್ನು ಮುಂದಕ್ಕೆ ತಿರುಗುತ್ತೆ. ಹೊರಗಿನ ಹೊಲಿಗೆಯ ಕಾವಲು ಸಿಗಲ್ಲ. ನಾನು ಆರು ತಿಂಗಳು ಹೀಗೇ ಇಟ್ಟುಕೊಂಡಿದ್ದೆ, ಈ ಚರ್ಚೆ ಓದಿದ ಮೇಲೆ ಬೆವರು ಬಂತು.

ಕೊಳ್ಳುವ ಮೊದಲು ಎರಡೂ ಪಕ್ಕ ತೂತು ಇದೆಯಾ ನೋಡಿ. ಲಾಕ್ ಕೂಡ ನೋಡಿ. ಲೈನರ್ ಲಾಕ್ ಬಲಗೈ ಹೆಬ್ಬೆರಳಿಗೆ ಮಾಡಿದ್ದು. ಬೆನ್ನಿನಲ್ಲಿ ಒತ್ತುವ ಲಾಕ್, ಬೆಂಚ್‌ಮೇಡ್ ಆಕ್ಸಿಸ್ ಥರದ ಅಡ್ಡಪಟ್ಟಿ ಲಾಕ್, ಇವೆರಡೂ ಎರಡು ಕೈಗೂ ಸಮ.

ಬೀಚ್‌ಮರ

ಹಗ್ಗದಕೊನೆ ಅವರೇ, ತಾನಾಗಿ ತೆರೆಯಬಾರದು ಅನ್ನೋದೇ ಮುಖ್ಯವಾದರೆ ಒಪಿನೆಲ್ ಅನ್ನೋ ಫ್ರೆಂಚ್ ಚಾಕು ನೋಡಿ. ನಂಬರ್ 8, ಅಲಗು ಎಂಟೂವರೆ ಸೆಂ.ಮೀ., ತೂಕ ಐವತ್ತು ಗ್ರಾಮಿನ ಒಳಗೆ. ಜೇಬಿನಲ್ಲಿ ಇದೆಯೋ ಇಲ್ಲವೋ ಗೊತ್ತಾಗಲ್ಲ. ಕೀಲಿನ ಸುತ್ತ ಉಕ್ಕಿನ ಒಂದು ಬಳೆ ಇರುತ್ತೆ, 1955ರಲ್ಲಿ ಮಾರ್ಸೆಲ್ ಒಪಿನೆಲ್ ಸೇರಿಸಿದ್ದು. ತಿರುಗಿಸಿದರೆ ತೆರೆದ ಅಲಗು ಮಡಚಿಕೊಳ್ಳಲ್ಲ. ಈಗ ಬರೋವುಗಳಲ್ಲಿ ಮುಚ್ಚಿದಾಗಲೂ ಅದೇ ಬಳೆ ತಿರುಗಿಸಿ ಬಂದ್ ಮಾಡಬಹುದು. ಬಳೆ ತಿರುಗಿಸದೆ ಅಲಗು ಅಲ್ಲಾಡಲ್ಲ.

ತೊಂದರೆಯನ್ನೂ ಹೇಳಬೇಕು. ಹಿಡಿ ಬೀಚ್ ಮರದ್ದು. ಮಳೆಗೋ ಬೆವರಿಗೋ ನೆನೆದರೆ ಮರ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತೆ, ಎಷ್ಟು ಎಳೆದರೂ ಬರಲ್ಲ. ಆಗ ಹಿಡಿಯ ಹಿಂದಿನ ತುದಿಯನ್ನು ಮೇಜಿನ ಅಂಚಿಗೆ ಟಕ್ ಅಂತ ಕುಟ್ಟಬೇಕು, ಅಲಗಿನ ಮೊನೆ ಒಂದಿಷ್ಟು ಏಳುತ್ತೆ, ಅಲ್ಲಿ ಹಿಡಿದು ಎಳೆಯೋದು. ಕಾರ್ಬನ್ ಉಕ್ಕಿನದ್ದು ತೊಡೆಯ ಬೆವರಿಗೆ ಎರಡೇ ದಿನದಲ್ಲಿ ಚುಕ್ಕೆ ಚುಕ್ಕೆ ತುಕ್ಕು ಹಿಡಿಯಿತು ನನಗೆ. ಜೇಬಿನಲ್ಲೇ ಇಡುವವರು ಸ್ಟೇನ್‌ಲೆಸ್ ತಗೊಳ್ಳಿ.

ಕಬ್ಬಿಣದಕಡಲೆ

ಕಾರ್ಬನ್ನಿಗೆ ತುಕ್ಕು ಬಂತು ಅಂತ ಬಿಟ್ಟುಬಿಟ್ಟಿರಾ? ಅದರ ಹರಿತ ಯಾವ ಸ್ಟೇನ್‌ಲೆಸ್ಸಿಗೆ ಬರುತ್ತೆ! ಕಲ್ಲಿನ ಮೇಲೆ ನಾಲ್ಕು ಎಳೆತ, ಕೂದಲು ಕೊಯ್ಯುತ್ತೆ.

ಬೀಚ್‌ಮರ

ಬಿಟ್ಟಿಲ್ಲ. ಅದು ಈಗ ಮನೆಯಲ್ಲಿ ಹಣ್ಣು ಹೆಚ್ಚೋಕೆ. ಅಲಗು ಪೂರ್ತಿ ನೀಲಿ ಬೂದು ಬಣ್ಣಕ್ಕೆ ತಿರುಗಿದೆ, ಇನ್ನು ಕೆಂಪು ತುಕ್ಕು ಬರಲ್ಲ. ಜೇಬಿಗೆ ಮಾತ್ರ ಸ್ಟೇನ್‌ಲೆಸ್.

ಕಬ್ಬಿಣದಕಡಲೆ

ಬಣ್ಣ ತಿರುಗಿದರೆ ಕಡಿಮೆ ಆಗುತ್ತೆ, ಬರಲ್ಲ ಅಂತ ಇಲ್ಲ. ಒದ್ದೆ ಇಟ್ಟು ನೋಡಿ. ಯಾವ ಕಲ್ಲು ಬಳಸುತ್ತೀರಿ? ನಾನು ಮೊದಲು 400, ಆಮೇಲೆ 1000, ಕೊನೆಗೆ ಚರ್ಮದ ಪಟ್ಟಿ. 400 ಆದ ತಕ್ಷಣ ಪಟ್ಟಿಗೆ ಹೋಗೋರನ್ನ ಕಂಡರೆ

ಸಾಣೆಕಲ್ಲು

ಕಡಲೆ ಅವರೇ, ಸಾಣೆಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಬನ್ನಿ. ನಾನೂ ಬರುತ್ತೇನೆ. ಇಲ್ಲಿ ಅವರ ಬೆರಳು ಮೊದಲು ನೋಡೋಣ.

ಒರೆಯವ

ಸೊಂಟದ ಒರೆ ಬಗ್ಗೆ ಯಾರೂ ಮಾತಾಡಲಿಲ್ಲ. ಬಕ್ 110, 1964ರಿಂದ ಬರ್ತಾ ಇರೋ ಚಾಕು, ಎರಡೂ ತುದಿಗೆ ಹಿತ್ತಾಳೆ, ನಡುವೆ ಮರ. ತೂಕ ಇನ್ನೂರು ಗ್ರಾಂ. ಇದನ್ನು ಜೇಬಿಗೆ ಹಾಕಿದರೆ ಪ್ಯಾಂಟು ಒಂದು ಕಡೆ ಜಗ್ಗುತ್ತೆ, ಅದಕ್ಕೇ ಬೆಲ್ಟಿಗೆ ಚರ್ಮದ ಒರೆ. ಗುಂಡಿ ಹಾಕಿದರೆ ಓಡಿದರೂ ಬೀಳಲ್ಲ, ಜೇಬು ಖಾಲಿ, ಕೀಲಿಗೆ ಫೋನಿಗೆ ಜಾಗ.

ಉದ್ದಕ್ಕೆ ನೇತಾಡುವ ಒರೆ ಕುರ್ಚಿಯಲ್ಲಿ ಕೂತಾಗ ಹಿಡಿಯ ತುದಿಯನ್ನು ಪಕ್ಕೆಲುಬಿಗೆ ತಿವಿಯುತ್ತೆ. ಕಾರಿನಲ್ಲಂತೂ ಸೀಟ್‌ಬೆಲ್ಟಿನ ಗುಂಡಿಯೂ ಅಲ್ಲೇ ಬರುತ್ತೆ. ಅಡ್ಡಡ್ಡಕ್ಕೆ ಕೂರುವ ಒರೆ ಮಾಡಿಸಿಕೊಂಡೆ, ಹೊಕ್ಕುಳಿಂದ ಒಂದು ಗೇಣು ಎಡಕ್ಕೆ. ಬಲಗೈ ಅಡ್ಡ ತಂದರೆ ಹಿಡಿ ಸೀದಾ ಅಂಗೈಗೆ. ಕೂತರೂ ಬಗ್ಗಿದರೂ ತಿವಿಯಲ್ಲ.

ಒಂದು ಮಾತು ನೆನಪಿಡಿ: ರಾತ್ರಿ ಒರೆಯಿಂದ ತೆಗೆದು ಇಡಿ. ಚರ್ಮ ಹದ ಮಾಡೋಕೆ ಹಾಕಿರೋದು ಹಿತ್ತಾಳೆಗೆ ಆಗಲ್ಲ, ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಹಸಿರು ಕಿಲುಬು ಹಿಡಿಯುತ್ತೆ.

ಮೌನಿ

ಸೊಂಟದಲ್ಲಿ ಒರೆ ಕಂಡರೆ ಜನ ಒಂಥರಾ ನೋಡ್ತಾರೆ.

ಒರೆಯವ

ಕೆಲಸದ ಬಟ್ಟೆಯಲ್ಲಿ, ಪಕ್ಕದಲ್ಲೇ ಟೇಪು ಇಕ್ಕಳ ಇದ್ದರೆ ಯಾರೂ ನೋಡಲ್ಲ. ಮದುವೆಗೋ ಆಸ್ಪತ್ರೆಗೋ ಹೋಗುವಾಗ ನಾನು ಹಾಕಲ್ಲ.

ದಾರಿಬುತ್ತಿ

ಕಾಣಿಸೋದು, ಮುಚ್ಚೋದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ, ಕಾನೂನೂ ಇದೆ. ಒಂದೊಂದು ದೇಶದ್ದು ಒಂದೊಂದು. ಇಂಗ್ಲೆಂಡ್, ವೇಲ್ಸಿನಲ್ಲಿ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 139ನೇ ಸೆಕ್ಷನ್ ಪ್ರಕಾರ, ಅಲಗಿನ ಬಾಯಿ ಮೂರು ಇಂಚು ಮೀರದ, ಲಾಕ್ ಇಲ್ಲದ ಮಡಚು ಚಾಕುವನ್ನು ಕಾರಣ ಹೇಳದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದು. ಲಾಕ್ ಇದ್ದರೆ ಅದು ಈ ವಿನಾಯಿತಿಗೆ ಬರಲ್ಲ, ತಕ್ಕ ಕಾರಣ ಬೇಕು. ಜರ್ಮನಿಯ ಆಯುಧ ಕಾಯ್ದೆಯ 42ಎ ಕಲಂ ಒಂದು ಕೈಯಲ್ಲಿ ತೆರೆದು ಲಾಕ್ ಆಗುವ ಚಾಕುವನ್ನೇ ಹಿಡಿದು ಹೇಳುತ್ತೆ. ಅದಕ್ಕೂ ತಕ್ಕ ಕಾರಣ ಬೇಕು. ಇನ್ನು ಕೆಲವು ಕಡೆ ಬಚ್ಚಿಟ್ಟು ಒಯ್ಯುವುದೇ ತಪ್ಪು. ಹಾಗಾಗಿ ಚಾಕುವನ್ನು ಪೂರ್ತಿ ಜೇಬಿನೊಳಗೆ ಮುಳುಗಿಸುವ ಥರದ ಕ್ಲಿಪ್ ತಗೊಳ್ಳುವ ಮೊದಲು ಅವರವರು ಇರುವ ಕಡೆಯ ನಿಯಮ ಓದಿಕೊಳ್ಳಬೇಕು. ಗೋದಾಮಿನಿಂದ ಹೊರಟಾಗ ಜೇಬಿನಲ್ಲೇ ಇರುತ್ತೆ ಅನ್ನೋದು ಮರೆಯಬಾರದು.

ಪೆಟ್ಟಿಗೆಪಾಳಿ

ಇದು ನಿಜ. ನಾನು ಪಾಳಿ ಮುಗಿದ ಮೇಲೆ ಲಾಕರಿನಲ್ಲಿ ಇಟ್ಟು ಬರುತ್ತೇನೆ.

ನೂಲುಗಂಟು

ನನ್ನ ದೂರು ಬೇರೆ. ಕ್ಲಿಪ್ ಜೇಬಿನ ಅಂಚನ್ನೇ ತಿಂದುಹಾಕುತ್ತೆ. ಮೂರು ಪ್ಯಾಂಟು ಹೋಯಿತು. ಅದೇ ಜಾಗದಲ್ಲಿ ನೂಲು ಎದ್ದು, ಬಿಳಿಯಾಗಿ, ಕೊನೆಗೆ ಹರಿಯುತ್ತೆ. ಕ್ಲಿಪ್ ಸಡಿಲ ಮಾಡೋಣ ಅಂತ ಬಗ್ಗಿಸಿದೆ, ಚಾಕು ಬೀಳೋಕೆ ಶುರುವಾಯಿತು.

ಸಾಣೆಕಲ್ಲು

ಕ್ಲಿಪ್ ಬಗ್ಗಿಸಬೇಡಿ. ತಪ್ಪು ಕ್ಲಿಪ್ಪಿನದಲ್ಲ, ಅದರ ಕೆಳಗಿನ ಹಿಡಿಯದು. ಜಿ-10 ಹಿಡಿ ತಾನೇ, ಗಾಜಿನ ನಾರು ಅಂಟಿನಲ್ಲಿ ಒತ್ತಿ ಮಾಡಿದ್ದು? ಉಪ್ಪುಕಾಗದದ ಥರ ಒರಟು. ಕ್ಲಿಪ್ ಬಟ್ಟೆಯನ್ನು ಆ ಒರಟಿನ ಮೇಲೆ ಒತ್ತುತ್ತೆ, ನೀವು ಪ್ರತಿ ಸಲ ಎಳೆದಾಗಲೂ ಉಜ್ಜುತ್ತೆ.

ಕ್ಲಿಪ್ ಬಿಚ್ಚಿ. ಕೆಳಗೆ ಬಟ್ಟೆ ಸಿಗುವ ಜಾಗ ಎಷ್ಟೋ ಅಷ್ಟನ್ನು ಮಾತ್ರ 400ರ ಉಪ್ಪುಕಾಗದದಿಂದ, ನೀರು ಹಾಕಿ, ನಯ ಆಗೋವರೆಗೆ ಉಜ್ಜಿ. ಒಣಗಿದ್ದು ಉಜ್ಜಲೇಬೇಡಿ. ಅದರಲ್ಲಿ ಗಾಜಿನ ನಾರು ಇರುತ್ತೆ, ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಮಾಸ್ಕ್ ಹಾಕಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಉಳಿದ ಹಿಡಿ ಒರಟಾಗೇ ಇರಲಿ, ಕೈಗೆ ಹಿಡಿತ ಅದೇ.

ನೂಲುಗಂಟು

ಮಾಡಿದೆ. ಈಗಷ್ಟೇ. ಬಟ್ಟೆ ಜಾರಿಕೊಂಡು ಬರುತ್ತೆ, ಆದರೂ ಹಿಡಿತ ಇದೆ. ಮೂರು ಪ್ಯಾಂಟಿನ ಮೊದಲೇ ಇಲ್ಲಿ ಕೇಳಬೇಕಿತ್ತು.

ಹಗ್ಗದಕೊನೆ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ರಜೆ, ಕೂತು ನೋಡಿದೆ.

ಸಾಣೆಕಲ್ಲು ಅಣ್ಣ ಹೇಳಿದ ಹಾಗೆ ಕೊಡವಿದೆ. ಎರಡನೇ ಸಲಕ್ಕೇ ಅಲಗು ಅರ್ಧ ಜಾರಿತು. ಕೀಲು ಬಿಚ್ಚಿದೆ, ನಕ್ಷತ್ರದ ಆಕಾರದ ತುದಿ ಇರುವ ಟಿ8 ಅಳತೆಯ ಬಿಟ್ ಹಿಡಿಯಿತು. ಅಲಗಿನ ಬುಡದ ಗುಳಿಯಲ್ಲಿ ಕಂದು ಬಣ್ಣದ ಗಟ್ಟಿ ಬೆಣೆ ಥರ ಏನೋ ಕೂತಿತ್ತು. ಸೂಜಿಯಲ್ಲಿ ಎಬ್ಬಿಸಿದಾಗ ಒಂದೇ ಚೂರಾಗಿ ಈಚೆ ಬಂತು. ರಟ್ಟಿನ ಪುಡಿ, ಟೇಪಿನ ಅಂಟು, ಎಣ್ಣೆ, ಮೂರೂ ಸೇರಿ ಗಟ್ಟಿಯಾಗಿದೆ. ಗುಂಡು ಗುಳಿಗೆ ಇಳಿಯುತ್ತಲೇ ಇರಲಿಲ್ಲ, ಆ ಬೆಣೆಯ ಮೇಲೆ ನಿಂತಿತ್ತು. ತೆಗೆದು ಸ್ಪಿರಿಟ್ಟಿನಲ್ಲಿ ಒರೆಸಿ ಜೋಡಿಸಿದ ಮೇಲೆ ಮಡಚುವಾಗ ಟಿಕ್ ಅನ್ನುತ್ತೆ. ಆ ಶಬ್ದ ಯಾವಾಗ ನಿಂತುಹೋಗಿತ್ತೋ ಗಮನಿಸಿಯೇ ಇರಲಿಲ್ಲ. ಈಗ ಎಷ್ಟು ಕೊಡವಿದರೂ ಅಲಗು ಬರಲ್ಲ.

ಇನ್ನೊಂದು ಸಿಕ್ಕಿತು. ಕ್ಲಿಪ್ಪಿನ ಮೂರು ತಿರುಪಿನಲ್ಲಿ ಒಂದು ಇಲ್ಲವೇ ಇಲ್ಲ, ಇನ್ನೊಂದು ಬೆರಳಲ್ಲೇ ತಿರುಗುತ್ತೆ. ಕ್ಲಿಪ್ ಅಲುಗಾಡುತ್ತಿತ್ತು, ಅದಕ್ಕೇ ಇರಬೇಕು ಚಾಕು ನಡುವಿಗೆ ಸರಿಯುತ್ತಿದ್ದದ್ದು.

ಸಾಣೆಕಲ್ಲು

ಸಿಕ್ಕಿತಲ್ಲ! ಹೊಸ ತಿರುಪು ಹಾಕುವಾಗ ತಿರುಪಿನ ಎಳೆಗೆ ನೀಲಿ ಲಾಕ್‌ಟೈಟ್ (ತಿರುಪು ಸಡಿಲವಾಗದ ಹಾಗೆ ಹಿಡಿಯುವ ಅಂಟು) ಒಂದು ಸಣ್ಣ ಹನಿ. ಕೆಂಪಿನದ್ದು ಬೇಡ, ಆಮೇಲೆ ಬಿಚ್ಚೋಕೆ ಕಾಯಿಸಬೇಕಾಗುತ್ತೆ. ಕ್ಲಿಪ್ಪಿನ ತಿರುಪು ಬಹುಪಾಲು ಟಿ6, ಅದರ ತಲೆ ಬೇಗ ಸವೆಯುತ್ತೆ, ಬಿಟ್ಟನ್ನು ಪೂರ್ತಿ ಒಳಗೆ ಕೂರಿಸಿಯೇ ತಿರುಗಿಸಿ.

ಮೊನೆಕೆಳಗೆ

ಒಪ್ಪಿದೆ, ಈ ಸಲ ತಪ್ಪು ಮೊನೆಯ ದಿಕ್ಕಿನದಲ್ಲ. ಆದರೂ ಕಸ ಮತ್ತೆ ಸೇರುತ್ತೆ. ರಟ್ಟಿನ ಧೂಳಲ್ಲಿ ಕೆಲಸ ಮಾಡೋರು ಒಂದು ಗುಂಡನ್ನೇ ನಂಬಿ ಬೆರಳು ಇಳಿಸಬಾರದು ಅನ್ನೋ ಮಾತು ನನ್ನದು.

ಸಾಣೆಕಲ್ಲು

ಅದನ್ನು ನಾನೂ ಒಪ್ಪುತ್ತೇನೆ. ಚಾಕು ಇರುವ ಜೇಬಿನಲ್ಲಿ ಬೇರೆ ಏನೂ ಇಡಬೇಡಿ. ಕೀಲಿ ಎಡಕ್ಕೆ ಹೋಗಲಿ.

ಹಗ್ಗದಕೊನೆ

ಎಡಜೇಬಿನಲ್ಲಿ ಸ್ಕ್ಯಾನರ್ ಇರುತ್ತೆ ಅಣ್ಣ. ಜಾಗ ಇಲ್ಲ. ಜೀನ್ಸಿನ ಮುಂದಿನ ಜೇಬಿನ ಮೇಲೆ ಸಣ್ಣ ಜೇಬು ಇರುತ್ತಲ್ಲ, ಅಲ್ಲಿ ಹಾಕಿ ನೋಡಿದೆ. ಚಾಕು ಅರ್ಧ ಹೊರಗೇ ನಿಲ್ಲುತ್ತೆ.

ಹಳೇಕೀಲು

ಅದು ಹಿಂದಿನ ಕಾಲದಲ್ಲಿ ಜೇಬುಗಡಿಯಾರಕ್ಕೆ ಅಂತ ಮಾಡಿದ್ದ ಜೇಬು. ಸಣ್ಣ ಚಾಕುವಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಹತ್ತೂವರೆ ಸೆಂ.ಮೀ.ನದ್ದು ಅಲ್ಲಿ ಹಿಡಿಸಲ್ಲ.

ಸೂಜಿದಾರ

ನಾನು ಚಾಕುವಿನವನಲ್ಲ, ಹೊಲಿಗೆಯವನು. ತಮ್ಮ ಈ ಚರ್ಚೆ ತೋರಿಸಿದ, ಓದಿದೆ. ನಿಮ್ಮೆಲ್ಲರ ಮಾತಿನ ಸಾರ ಚಾಕು ಹೊರಗಿನ ಹೊಲಿಗೆ ಬಿಟ್ಟು ಸರಿಯಬಾರದು ಅಂತ ತಾನೇ? ಹಾಗಾದರೆ ಜೇಬನ್ನೇ ಒಡೆಯಿರಿ.

ಚಾಕುವನ್ನು ಹೊಲಿಗೆಗೆ ಒತ್ತಿ ಇಟ್ಟು, ಅದರ ಮುಂಭಾಗಕ್ಕೆ ಒಂದು ಬೆರಳು ಅಗಲ ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಜೇಬಿನ ಒಳಚೀಲದ ಎರಡೂ ಪದರ ಸೇರಿಸಿ ಒಂದು ನೇರ ಹೊಲಿಗೆ. ಪ್ಯಾಂಟಿನ ಹೊರಬಟ್ಟೆಗೆ ಸೂಜಿ ಬೀಳಬಾರದು, ಒಳಚೀಲ ಈಚೆ ಎಳೆದು ಹೊಲಿದರೆ ಹೊರಗೆ ಗೊತ್ತಾಗಲ್ಲ. ಒಂದೇ ಜೇಬಿನಲ್ಲಿ ಎರಡು ಮನೆ ಆಯಿತು: ಹಿಂದೆ ಚಾಕು, ಮುಂದೆ ಕೀಲಿ. ಕೀಲಿಗೆ ಹೋದ ಕೈ ಚಾಕುವಿನ ಕಡೆ ಹೋಗೋಕೇ ಆಗಲ್ಲ.

ಮೇಲಿನ ತುದಿಯಲ್ಲಿ ಹೊಲಿಗೆಯನ್ನು ನಾಲ್ಕೈದು ಸಲ ಹಿಂದೆ ಮುಂದೆ ಓಡಿಸಿ ಗಟ್ಟಿ ಮಾಡಬೇಕು, ಎಳೆತ ಬೀಳೋದು ಅಲ್ಲೇ. ಕೆಳಗೆ ತಳದವರೆಗೆ ಹೊಲಿಯಬೇಡಿ, ಎರಡು ಬೆರಳು ಬಿಡಿ. ಪೂರ್ತಿ ಮುಚ್ಚಿದರೆ ಕಸವೆಲ್ಲ ಚಾಕುವಿನ ಮನೆಯಲ್ಲೇ ಕೂರುತ್ತೆ. ಹತ್ತಿಯ ದಾರ ಬೇಡ, ಪಾಲಿಯೆಸ್ಟರ್ ಹಾಕಿ.

ಸಾಣೆಕಲ್ಲು

ಸೂಜಿದಾರ ಅವರೇ, ಇಷ್ಟು ವರ್ಷದಲ್ಲಿ ಇಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ನನ್ನ ಪ್ಯಾಂಟುಗಳಿಗೂ ಮಾಡಿಸುತ್ತೇನೆ.

ಎಡಚ

ಎಡಜೇಬಿಗೂ ಇದೇ ಅಳತೆನಾ?

ಸೂಜಿದಾರ

ಅದೇ ಅಳತೆ, ಕನ್ನಡಿಯಲ್ಲಿ ಕಂಡ ಹಾಗೆ. ಆದರೆ ನಿಮ್ಮ ಕ್ಲಿಪ್ ಬಲಗೈ ಕಡೆಯದ್ದು ಅಂದಿರಲ್ಲ, ಅಲಗಿನ ಬೆನ್ನು ಮುಂದಕ್ಕಿದ್ದರೆ ನನ್ನ ಹೊಲಿಗೆಯನ್ನೇ ಚಾಕುವಿಗೆ ಇನ್ನೂ ಹತ್ತಿರ ತರಬೇಕು, ಬೆರಳು ಅಗಲ ಬಿಡಬೇಡಿ.

ಎಡಚ

ಬೇಡ, ಎರಡು ಕಡೆ ತೂತಿರೋ ಚಾಕುವನ್ನೇ ತಗೊಳ್ಳುತ್ತೇನೆ. ಆಮೇಲೆ ಹೊಲಿಸುತ್ತೇನೆ.

ಹಗ್ಗದಕೊನೆ

ಹದಿನೈದು ದಿನ ಆಯಿತು, ಹೇಳಿ ಹೋಗೋಣ ಅಂತ ಬಂದೆ.

ಅಮ್ಮನ ಹೊಲಿಗೆ ಯಂತ್ರದಲ್ಲಿ ಎರಡು ಪ್ಯಾಂಟಿಗೆ ಹೊಲಿದುಕೊಂಡೆ. ಮೊದಲನೆಯದರಲ್ಲಿ ಗೆರೆ ಬಿಗಿಯಾಗಿ, ಚಾಕು ತೆಗೆಯುವಾಗ ಬೆರಳಗಂಟು ಸಿಕ್ಕಿಕೊಳ್ಳುತ್ತಿತ್ತು. ಬಿಚ್ಚಿ ಅರ್ಧ ಸೆಂ.ಮೀ. ಮುಂದಕ್ಕೆ ಹೊಲಿದೆ, ಸರಿಹೋಯಿತು. ಸಂಜೆ ಪಾಳಿ ಮುಗಿಯುವಾಗಲೂ ಚಾಕು ಬೆಳಿಗ್ಗೆ ಇಟ್ಟ ಜಾಗದಲ್ಲೇ ಇರುತ್ತೆ. ಗುಳಿಯನ್ನು ಪ್ರತಿ ಶನಿವಾರ ಸೂಜಿಯಲ್ಲಿ ನೋಡುತ್ತೇನೆ, ಹೋದ ವಾರ ಆಗಲೇ ಒಂದಿಷ್ಟು ಪುಡಿ ಇತ್ತು. ಮೊನೆಕೆಳಗೆ ಸಾರ್ ಹೇಳಿದ್ದು ಸುಳ್ಳಲ್ಲ.

ಬೆರಳು ವಾಸಿ. ತುದಿಯಲ್ಲಿ ಸಣ್ಣ ಗೆರೆ ಉಳಿದಿದೆ.

ಪೆಟ್ಟಿಗೆಪಾಳಿ

ಒಗೆಯುವಾಗ ಹೊಲಿಗೆ ತಡೆಯುತ್ತಾ?

ಹಗ್ಗದಕೊನೆ

ನಾಲ್ಕು ಸಲ ಯಂತ್ರಕ್ಕೆ ಹಾಕಿದ್ದೇನೆ, ಏನೂ ಆಗಿಲ್ಲ. ಹಾಕುವ ಮೊದಲು ಚಾಕು ತೆಗೆಯಿರಿ ಅಷ್ಟೇ. ಮೂರನೇ ಪ್ಯಾಂಟಿಗೆ ಈ ಭಾನುವಾರ.